ಓದುಗರ ಪ್ರಶ್ನೆ: ಚರ್ಚಿನ ಯುವಜನರೊಂದಿಗೆ ನಾಗಾಸಾಕಿಗೆ ಒಂದು ದಿನ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರವಾಸದ ಸುತ್ತ ಸುತ್ತುತ್ತಿವೆ. ಫುಕುವೊಕಾದ ಚರ್ಚೊಂದರ ಯುವಕ ಸಂಘ ಬೆಳಗ್ಗೆ ಹೊರಟು ನಾಗಾಸಾಕಿ ನೋಡಿ ರಾತ್ರಿ ಮರಳಬೇಕಂತೆ. ಸಂಘದಲ್ಲಿರುವ ಕನ್ನಡಿಗರೂ ಊರಲ್ಲಿರುವ ಅವರ ಮನೆಯವರೂ ಕೇಳಿದ್ದನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ. ದರಗಳು ವರ್ಷ ವರ್ಷ ಏರುತ್ತವೆ, ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ನಾವು 24 ಜನ, ವಯಸ್ಸು 15ರಿಂದ 26. ಅರ್ಧ ಜಪಾನೀಯರು, ಉಳಿದವರು ಫಿಲಿಪ್ಪೀನ್ಸ್, ವಿಯೆಟ್ನಾಂ, ಭಾರತದವರು. ನಿಶಿಜಾಕಾ (26 ಹುತಾತ್ಮರ ಗುಡ್ಡ), ಓಉರಾ ಚರ್ಚು, ಗ್ಲೋವರ್ ತೋಟ, ದೆಜಿಮಾ, ಚೀನಾ ಪೇಟೆ, ಅಣುಬಾಂಬ್ ಮ್ಯೂಸಿಯಂ, ಉರಾಕಾಮಿ ಚರ್ಚು, ಕತ್ತಲಾದ ಮೇಲೆ ಇನಾಸಾ ಬೆಟ್ಟ, ಇಷ್ಟೂ ಒಂದೇ ದಿನದಲ್ಲಿ ಆಗುತ್ತದೆಯೇ? (ಫುಕುವೊಕಾ)

ಉತ್ತರ: ಓಡಿ ಮುಗಿಸಬಹುದು, ನೋಡಿದ ಹಾಗಾಗುವುದಿಲ್ಲ. ಇಬ್ಬರು ಮೂವರು ಹೋದಾಗ ಹಿಡಿಯುವ ಸಮಯವನ್ನು 24 ಜನರಿಗೆ ಲೆಕ್ಕ ಹಾಕುವುದೇ ಇಂಥ ಪಟ್ಟಿಗಳ ಮೊದಲ ತಪ್ಪು. ಶೌಚಾಲಯ, ಟಿಕೆಟ್, ತಲೆ ಎಣಿಕೆ, ಹಿಂದೆ ಉಳಿದ ಒಬ್ಬನಿಗಾಗಿ ಕಾಯುವುದು, ಹೀಗೆ ಒಂದು ಜಾಗದಿಂದ ಇನ್ನೊಂದಕ್ಕೆ ಹೊರಡುವಾಗಲೆಲ್ಲ 10 ನಿಮಿಷ ಹೆಚ್ಚೇ ಹಿಡಿಯುತ್ತದೆ. ಎಂಟು ಜಾಗವಾದರೆ ಇದಕ್ಕೇ ಒಂದು ಗಂಟೆಗಿಂತ ಹೆಚ್ಚು ಹೋಯಿತು.

ನಾಲ್ಕೇ ಜಾಗ ಇಟ್ಟುಕೊಳ್ಳಿ, ಮತ್ತು ಈ ಅನುಕ್ರಮದಲ್ಲೇ: ನಿಶಿಜಾಕಾ, ಓಉರಾ, ಅಣುಬಾಂಬ್ ಮ್ಯೂಸಿಯಂ, ಉರಾಕಾಮಿ. ಕಾಲದ ಲೆಕ್ಕದಲ್ಲಿ ಇವು 1597ರ ಹುತಾತ್ಮರು, 1865ರಲ್ಲಿ ಗುಟ್ಟಾಗಿ ಉಳಿದಿದ್ದ ಕ್ರೈಸ್ತರು ಓಉರಾಕ್ಕೆ ಬಂದದ್ದು, 1945ರ ಅಣುಬಾಂಬ್. ಓಉರಾದಲ್ಲಿ ಬಾಗಿಲು ತಟ್ಟಿದವರ ಊರು ಉರಾಕಾಮಿ, ಬಾಂಬ್ ಸ್ಫೋಟಿಸಿದ್ದೂ ಅದೇ ಉರಾಕಾಮಿಯ ಮೇಲೆ. ಈ ಎಳೆ ಸಿಕ್ಕರೆ ಹುಡುಗರಿಗೆ ನಾಲ್ಕು ಜಾಗವೂ ನೆನಪಿರುತ್ತದೆ. ಗ್ಲೋವರ್ ತೋಟ ಚೆನ್ನಾಗಿಯೇ ಇದೆ, ಆದರೆ ಅದು ವ್ಯಾಪಾರಿಗಳ ಕಥೆ. ಇನ್ನೊಂದು ದಿನಕ್ಕಿರಲಿ.

ಸಮಯ ಹೀಗೆ ಹೊಂದಿಸಬಹುದು. ಫುಕುವೊಕಾದ ಹಕಾತಾ ಸ್ಟೇಷನ್ನಿನಿಂದ ಏಳೂವರೆಯ ಸುಮಾರಿಗೆ ಹೊರಟರೆ ಒಂಬತ್ತರ ಆಸುಪಾಸಿಗೆ ನಾಗಾಸಾಕಿ. ಸ್ಟೇಷನ್ನಿನಿಂದ ನಿಶಿಜಾಕಾ ಗುಡ್ಡಕ್ಕೆ ನಡೆದೇ ಹೋಗುವುದು, ಸ್ವಲ್ಪ ಏರು. ಸ್ಮಾರಕಕ್ಕೂ ಅದರ ಹಿಂದಿನ ಮ್ಯೂಸಿಯಮ್ಮಿಗೂ ಸೇರಿ ಒಂದು ಗಂಟೆ. ಹತ್ತೂವರೆಗೆ ಟ್ರಾಮ್, ಹನ್ನೊಂದಕ್ಕೆ ಓಉರಾ. ಅಲ್ಲಿ ಒಂದೂಕಾಲು ಗಂಟೆ. ಹನ್ನೆರಡೂಕಾಲಕ್ಕೆ ಊಟ. ಒಂದೂಕಾಲಕ್ಕೆ ಮತ್ತೆ ಟ್ರಾಮ್ ಹತ್ತಿ ಎರಡರೊಳಗೆ ಮ್ಯೂಸಿಯಂ. ಅಲ್ಲಿಂದ ಮೂರೂಕಾಲಿಗೆ ಹೊರಬಂದು ಬಾಂಬ್ ಸ್ಫೋಟಿಸಿದ ಬಿಂದುವಿನ ಉದ್ಯಾನ, ನಾಲ್ಕಕ್ಕೆ ಉರಾಕಾಮಿ ಪ್ರಧಾನಾಲಯ (ಕೆಥೆಡ್ರಲ್). ಐದೂಕಾಲಿಗೆ ಸ್ಟೇಷನ್, ಆರರ ಹೊತ್ತಿಗೆ ರೈಲು.

ಮ್ಯೂಸಿಯಮ್ಮನ್ನು ಊಟಕ್ಕೆ ಮುಂಚೆ ಇಡಬೇಡಿ. ಅದನ್ನು ನೋಡಿ ಬಂದವರಿಗೆ ಅನ್ನ ಇಳಿಯುವುದಿಲ್ಲ. ದಿನದ ಕೊನೆಗೂ ಬೇಡ. ಅಲ್ಲಿಂದ ನೇರ ರೈಲಿಗೆ ಓಡಿದರೆ ಕಂಡದ್ದನ್ನು ಇಳಿಸಿಕೊಳ್ಳಲು ಜಾಗವೇ ಸಿಗುವುದಿಲ್ಲ. ಮ್ಯೂಸಿಯಂ ಆದ ಮೇಲೆ ಉರಾಕಾಮಿಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂರುವಂತಿರಲಿ.

ಶನಿವಾರ ಒಳ್ಳೆಯ ಆಯ್ಕೆ. ಭಾನುವಾರ ಉರಾಕಾಮಿಯಲ್ಲಿ ಬಲಿಪೂಜೆಗಳಿರುತ್ತವೆ, ಸೋಮವಾರ ಪ್ರವಾಸಿಗರಿಗೆ ಅಲ್ಲಿ ಪ್ರವೇಶವಿಲ್ಲ. ರಜೆಯ ಸೋಮವಾರ ಎಂದು ಹೊರಟವರು ಮುಚ್ಚಿದ ಬಾಗಿಲು ನೋಡಿ ಬರುತ್ತಾರೆ. ಮದುವೆ, ಅಂತ್ಯಕ್ರಿಯೆ ಇದ್ದ ದಿನವೂ ಒಳಗೆ ಬಿಡುವುದಿಲ್ಲ, ಆದ್ದರಿಂದ ಹಿಂದಿನ ದಿನ ಒಂದು ಫೋನ್ ಮಾಡಿ.

ಪ್ರಶ್ನೆ: ರೈಲೋ, ಬಸ್ಸೋ, ನಮ್ಮದೇ ಕಾರುಗಳೋ? (ಫುಕುವೊಕಾ)

ಉತ್ತರ: 2022ರ ಸೆಪ್ಟೆಂಬರ್ 23ರಿಂದ ನಿಶಿ ಕ್ಯೂಶು ಶಿಂಕಾನ್‌ಸೆನ್ (ಬುಲೆಟ್ ರೈಲು) ಓಡುತ್ತಿದೆ, ಆದರೆ ಹಕಾತಾದಿಂದಲ್ಲ. ತಕೆಯೊ ಒನ್ಸೆನ್‌ನಿಂದ ನಾಗಾಸಾಕಿವರೆಗೆ ಮಾತ್ರ, 66 ಕಿ.ಮೀ. ಹಕಾತಾದಿಂದ ತಕೆಯೊ ಒನ್ಸೆನ್‌ವರೆಗೆ ‘ರಿಲೇ ಕಮೊಮೆ’ ಎಂಬ ಮಾಮೂಲಿ ಎಕ್ಸ್‌ಪ್ರೆಸ್, ಅಲ್ಲಿ ಇಳಿದರೆ ಅದೇ ಪ್ಲಾಟ್‌ಫಾರ್ಮಿನ ಎದುರು ಬದಿಗೆ ‘ಕಮೊಮೆ’ ಶಿಂಕಾನ್‌ಸೆನ್. ಮೆಟ್ಟಿಲು ಹತ್ತಿ ಇಳಿಯುವುದಿಲ್ಲ, ಆದರೆ ಬದಲಿಸಲು ಇರುವುದು ಕೆಲವೇ ನಿಮಿಷ. ಎರಡು ರೈಲಿನಲ್ಲೂ ಬೋಗಿ ಮತ್ತು ಸೀಟಿನ ಸಂಖ್ಯೆ ಬೇರೆ ಬೇರೆ. ಮೊದಲ ರೈಲಿನ ಸಂಖ್ಯೆ ನೋಡಿಕೊಂಡು ಎರಡನೆಯದರಲ್ಲಿ ಬೇರೆಯವರ ಸೀಟಿನಲ್ಲಿ ಕೂರುವುದು ಎಲ್ಲ ಗುಂಪುಗಳಲ್ಲೂ ಆಗುತ್ತದೆ. ತಕೆಯೊ ಒನ್ಸೆನ್‌ಗೆ 5 ನಿಮಿಷ ಇರುವಾಗಲೇ ಮಲಗಿದವರನ್ನು ಎಬ್ಬಿಸಿ, ಎರಡನೇ ಸೀಟಿನ ಸಂಖ್ಯೆ ಹೇಳಿಸಿ. ಶಿಂಕಾನ್‌ಸೆನ್ನಿಗೆ 6 ಬೋಗಿಗಳು, 1ರಿಂದ 3 ಕಾದಿರಿಸಿದವರಿಗೆ, 4ರಿಂದ 6 ಕಾದಿರಿಸದವರಿಗೆ.

ವೇಗದ ರೈಲಾದರೆ ಒಟ್ಟು 1 ಗಂಟೆ 20 ನಿಮಿಷ. ಪೂರ್ಣ ದರ ಒಂದು ಕಡೆಗೆ 6,000 ಯೆನ್ ದಾಟುತ್ತದೆ. ಅಂತರ್ಜಾಲದಲ್ಲಿ ಮುಂಗಡ ಕೊಂಡರೆ ಕಡಿಮೆ. 8 ಅಥವಾ ಹೆಚ್ಚು ಜನ ಒಂದೇ ದಾರಿಯಲ್ಲಿ ಹೋಗುವುದಾದರೆ ರೈಲ್ವೆಯ ಗುಂಪು ರಿಯಾಯಿತಿಯೂ ಇದೆ. ಅದಕ್ಕೆ 14 ದಿನ ಮುಂಚೆ ಅರ್ಜಿ ಹೋಗಬೇಕು, ಸಾಮಾನ್ಯವಾಗಿ ಎಡವುವುದು ಇಲ್ಲೇ. ಎರಡನ್ನೂ ಹೋಲಿಸಿ ಯಾವುದು ಅಗ್ಗವೋ ಅದನ್ನು ಹಿಡಿಯಿರಿ, ಹಲವು ಸಲ ಅಂತರ್ಜಾಲದ ಟಿಕೆಟ್ಟೇ ಗೆಲ್ಲುತ್ತದೆ. ಹೆದ್ದಾರಿ ಬಸ್ಸಿಗೆ ಸುಮಾರು ಅರ್ಧ ದುಡ್ಡು, ಸಮಯ ಎರಡೂಕಾಲು ಗಂಟೆಯ ಮೇಲೆ. ವಿದ್ಯಾರ್ಥಿಗಳೇ ಹೆಚ್ಚಿದ್ದರೆ ಬಸ್ಸು ಸರಿ, ಆದರೆ ಒಂದು ಗಂಟೆ ಬೇಗ ಹೊರಡಬೇಕು.

ಕಾರುಗಳ ವಿಷಯದಲ್ಲಿ ಮೂರು ಎಚ್ಚರಿಕೆ. ಸಾಮಾನ್ಯ ಪರವಾನಗಿಯಲ್ಲಿ ಚಾಲಕ ಸೇರಿ 10 ಜನರ ವಾಹನದವರೆಗೆ ಮಾತ್ರ ಓಡಿಸಬಹುದು. 29 ಜನರ ಮಿನಿಬಸ್ ಬಾಡಿಗೆಗೆ ಸಿಕ್ಕಿತೆಂದು ತಂದರೆ ಓಡಿಸುವವರಿಗೆ ಮಧ್ಯಮ ವಾಹನದ ಪರವಾನಗಿ ಇರಬೇಕು. ಭಾರತದಿಂದ ತಂದ ಅಂತರರಾಷ್ಟ್ರೀಯ ಪರವಾನಗಿ ಜಪಾನಿಗೆ ಕಾಲಿಟ್ಟ ದಿನದಿಂದ ಹೆಚ್ಚೆಂದರೆ 1 ವರ್ಷ ನಡೆಯುತ್ತದೆ. ಮೂರನೆಯದು, ಪೆಟ್ರೋಲು ಮತ್ತು ಟೋಲ್ ಹಂಚಿಕೊಳ್ಳಬಹುದು, ಆದರೆ ಓಡಿಸಿದ್ದಕ್ಕೆಂದು ಬಾಡಿಗೆ ಪಡೆದರೆ ಅದು ಪರವಾನಗಿಯಿಲ್ಲದ ಟ್ಯಾಕ್ಸಿ. ಬಿಳಿ ನಂಬರ್ ಪ್ಲೇಟಿನ ವಾಹನಕ್ಕೆ ಆ ಹಕ್ಕಿಲ್ಲ, ಬಾಡಿಗೆ ಬಸ್ಸುಗಳಿಗೆ ಹಸಿರು ಪ್ಲೇಟ್ ಇರುತ್ತದೆ. ಇದೆಲ್ಲ ಸರಿಯಾಯಿತು ಎಂದರೂ ನಾಗಾಸಾಕಿ ಗುಡ್ಡಗಳ ಊರು. ಓಉರಾದ ಸುತ್ತ ಮೂರು ಕಾರಿಗೆ ಒಟ್ಟಿಗೆ ಜಾಗ ಹುಡುಕುವಷ್ಟರಲ್ಲಿ ಅರ್ಧ ಗಂಟೆ ಹೋಗುತ್ತದೆ.

ಪ್ರಶ್ನೆ: ಟ್ರಾಮಿನಲ್ಲಿ ಹೋದ ವರ್ಷ ನಮ್ಮ ಗುಂಪು ಎರಡು ಭಾಗವಾಗಿ ಒಂದು ಬೇರೆಲ್ಲೋ ಹೋಯಿತು. ಹೇಗೆ ತಪ್ಪಿಸುವುದು? (ಕಿತಾಕ್ಯೂಶು)

ಉತ್ತರ: ಬಹುಶಃ ಒಂದು ಭಾಗ 3ನೇ ಸಂಖ್ಯೆಯ ಟ್ರಾಮ್ ಹತ್ತಿರಬೇಕು. ಸ್ಟೇಷನ್ನಿನ ಎದುರಿನ ನಿಲ್ದಾಣದಿಂದ ಉತ್ತರಕ್ಕೆ, ಅಂದರೆ ಮ್ಯೂಸಿಯಂ ಮತ್ತು ಉರಾಕಾಮಿಯ ಕಡೆಗೆ, 1 ಮತ್ತು 3 ಎರಡೂ ಹೋಗುತ್ತವೆ. ಅಕಾಸಾಕೊ ಎಂದು ಬರೆದಿದ್ದರೆ ಕಣ್ಣು ಮುಚ್ಚಿ ಹತ್ತಬಹುದು. ದಕ್ಷಿಣಕ್ಕೆ ಹಾಗಲ್ಲ. ಓಉರಾಕ್ಕೆ ಹೋಗಲು ಸೋಫುಕುಜಿ ಕಡೆಯ 1ನೇ ಟ್ರಾಮ್, ಅದರ ಬಣ್ಣ ನೀಲಿ. 3ನೇದು ಕೆಂಪು, ಸ್ಟೇಷನ್ ದಾಟಿದ ಕೂಡಲೇ ಸಾಕುರಾಮಾಚಿ ಕಡೆಗೆ ತಿರುಗಿಬಿಡುತ್ತದೆ.

1ನೇದರಲ್ಲಿ ಶಿಂಚಿ ಚುಕಾಗಾಯ್ ನಿಲ್ದಾಣದವರೆಗೆ ಹೋಗಿ, ಇಳಿದು, ಇಶಿಬಾಶಿ ಕಡೆಯ 5ನೇ ಟ್ರಾಮ್ ಹತ್ತಬೇಕು. ಇದರ ಬಣ್ಣ ಹಸಿರು. ಮೆಡಿಕಲ್ ಸೆಂಟರ್, ಓಉರಾ ಕೈಗಾನ್ ದೋರಿ, ಆಮೇಲೆ ಓಉರಾ ತೆನ್ಶುದೊ. ತೆನ್ಶುದೊ ಎಂದರೆ ಸ್ವರ್ಗದೊಡೆಯನ ಮಂದಿರ, ಕ್ಯಾಥೋಲಿಕ್ ಚರ್ಚಿಗೆ ಅಲ್ಲಿನ ಹಳೆಯ ಹೆಸರು. ಹಳೆಯ ನಕ್ಷೆ ಹಿಡಿದು ಹೋಗಬೇಡಿ. 2018ರಲ್ಲಿ ಹಲವು ನಿಲ್ದಾಣಗಳ ಹೆಸರು ಬದಲಾಗಿದೆ. ಮಾತ್ಸುಯಾಮಾಮಾಚಿ ಈಗ ಹೇವಾ ಕೋಯೆನ್ (ಶಾಂತಿ ಉದ್ಯಾನ), ಹಮಾಗುಚಿಮಾಚಿ ಈಗ ಗೆನ್ಬಾಕು ಶಿರ್ಯೋಕನ್ (ಅಣುಬಾಂಬ್ ಮ್ಯೂಸಿಯಂ).

ಹತ್ತುವುದು ಹಿಂಬಾಗಿಲಿನಿಂದ, ಇಳಿಯುವುದು ಚಾಲಕನ ಪಕ್ಕದ ಮುಂಬಾಗಿಲಿನಿಂದ, ದುಡ್ಡು ಇಳಿಯುವಾಗ. ಎಷ್ಟು ದೂರ ಹೋದರೂ ದೊಡ್ಡವರಿಗೆ 150 ಯೆನ್. ಟ್ರಾಮ್ ಸಣ್ಣದು, ಎಲ್ಲರೂ ಒಬ್ಬರ ಹಿಂದೆ ಒಬ್ಬರು ಮುಂಬಾಗಿಲಲ್ಲಿ ಚಿಲ್ಲರೆ ಎಣಿಸುತ್ತ ನಿಂತರೆ ಇಡೀ ಗಾಡಿ ಕಾಯಬೇಕು. 1,000 ಯೆನ್ ನೋಟನ್ನು ಪೆಟ್ಟಿಗೆಯ ಪಕ್ಕದ ಯಂತ್ರದಲ್ಲಿ ಚಿಲ್ಲರೆ ಮಾಡಿಕೊಳ್ಳಬಹುದು, ಆದರೆ ಅದನ್ನು ಗಾಡಿ ಕೆಂಪು ದೀಪಕ್ಕೆ ನಿಂತಾಗಲೇ ಮುಗಿಸಿರಬೇಕು. ಸುಯಿಕಾ, ನಿಮೋಕಾ ಮುಂತಾದ, ಮೊದಲೇ ದುಡ್ಡು ತುಂಬಿದ ಪ್ರಯಾಣ ಕಾರ್ಡ್ ಇದ್ದರೆ ಈ ಗೊಂದಲವಿಲ್ಲ. ಶಿಂಚಿ ಚುಕಾಗಾಯ್‌ನಲ್ಲಿ ಕಾರ್ಡ್ ಒತ್ತಿ ಇಳಿದು 5ನೇದು ಹತ್ತಿದರೆ ಎರಡನೇ ಸಲ ದುಡ್ಡು ಹೋಗುವುದಿಲ್ಲ.

ದಿನದ ಪಾಸ್ 600 ಯೆನ್. ಕೊಳ್ಳಲೇಬೇಕೆಂದೇನೂ ಇಲ್ಲ. ಮೇಲಿನ ಕಾರ್ಯಕ್ರಮದಲ್ಲಿ ಕಾರ್ಡ್ ಹಿಡಿದವರಿಗೆ ಮೂರೇ ಸವಾರಿ, 450 ಯೆನ್. ನಗದು ಕೊಡುವವರು ಮತ್ತು ಊಟಕ್ಕೆ ಬೇರೆಡೆ ಹೋಗುವವರು ಪಾಸ್ ತೆಗೆದುಕೊಳ್ಳಲಿ. ಪಾಸ್ ಟ್ರಾಮಿನೊಳಗೆ ಸಿಗುವುದಿಲ್ಲ, ಸ್ಟೇಷನ್ನಿನ ಪ್ರವಾಸಿ ಮಾಹಿತಿ ಕೇಂದ್ರದಲ್ಲಿ ಮೊದಲೇ ಕೊಳ್ಳಬೇಕು.

24 ಜನರನ್ನು 8ರಂತೆ ಮೂರು ತಂಡ ಮಾಡಿ, ಪ್ರತಿ ತಂಡಕ್ಕೂ ಜಪಾನಿ ಓದಬಲ್ಲ ಒಬ್ಬರು. ಮೂರೂ ತಂಡ ಒಂದೇ ಟ್ರಾಮಿಗೆ ನುಗ್ಗುವುದು ಬೇಡ. ಹಗಲಿನಲ್ಲಿ ಹತ್ತು ನಿಮಿಷದೊಳಗೆ ಇನ್ನೊಂದು ಬರುತ್ತದೆ, ಸೇರುವ ಜಾಗವನ್ನು ಮಾತ್ರ ಗೊತ್ತುಮಾಡಿಕೊಳ್ಳಿ. ‘ಓಉರಾದಲ್ಲಿ ಸಿಗೋಣ’ ಎಂದರೆ ಸಾಲದು. ‘ಚರ್ಚಿನ ಟಿಕೆಟ್ ಕೌಂಟರಿನ ಕೆಳಗಿನ ಮೆಟ್ಟಿಲಲ್ಲಿ, 11 ಗಂಟೆಗೆ’ ಎಂದು ಹೇಳಿ. ಇನ್ನೊಂದು ಸಂಗತಿ: 2020ರಲ್ಲಿ ರೈಲ್ವೆ ಸ್ಟೇಷನ್ 150 ಮೀಟರಿನಷ್ಟು ಪಶ್ಚಿಮಕ್ಕೆ ಸರಿದಿದೆ, ಟ್ರಾಮ್ ನಿಲ್ದಾಣ ಇದ್ದಲ್ಲೇ ಇದೆ. ನಡುವೆ ರಸ್ತೆ ದಾಟುವ ಮೇಲ್ಸೇತುವೆ ಬೇರೆ. ‘ಎದುರಿಗೇ ಇದೆ’ ಎಂಬ ಹಳಬರ ಮಾತು ನಂಬಿ 3 ನಿಮಿಷ ಇಟ್ಟುಕೊಳ್ಳಬೇಡಿ, 8 ಇರಲಿ.

ಪ್ರಶ್ನೆ: ನಿಶಿಜಾಕಾದ 26 ಹುತಾತ್ಮರಲ್ಲಿ ಒಬ್ಬರು ಭಾರತದಲ್ಲಿ ಹುಟ್ಟಿದವರು ಎಂದು ಮಗಳು ಫೋನಿನಲ್ಲಿ ಹೇಳಿದಳು. ಹೌದೇ? (ಮಂಗಳೂರು)

ಉತ್ತರ: ಹೌದು. ಸಂತ ಗೊನ್ಸಾಲೊ ಗಾರ್ಸಿಯಾ, ಈಗಿನ ಮುಂಬಯಿಯ ಉತ್ತರಕ್ಕಿರುವ ವಸಾಯಿಯಲ್ಲಿ ಹುಟ್ಟಿದವರು. ಆಗ ಅದು ಪೋರ್ಚುಗೀಸರ ಕೋಟೆ ಊರು. ತಂದೆ ಪೋರ್ಚುಗೀಸ್, ತಾಯಿ ಕೊಂಕಣ ತೀರದವರು. ಹುಡುಗನಾಗಿದ್ದಾಗಲೇ ಯೇಸುಸಭೆಯ (ಜೆಸುಯಿಟ್) ಪಾದ್ರಿಗಳ ಜೊತೆ ಜಪಾನಿಗೆ ಹೋಗಿ ಭಾಷೆ ಕಲಿತರು. ಆಮೇಲೆ ವ್ಯಾಪಾರಕ್ಕೆ ಇಳಿದರು, ಮನಿಲಾದಲ್ಲಿ ಫ್ರಾನ್ಸಿಸ್ಕನ್ ಸಭೆಗೆ ಸೇರಿದರು. 1593ರಲ್ಲಿ ಫ್ರಾನ್ಸಿಸ್ಕನ್ ಪಾದ್ರಿ ಪೆದ್ರೊ ಬಾಪ್ಟಿಸ್ಟಾ ಅವರ ಜೊತೆ ದುಭಾಷಿಯಾಗಿ ಮತ್ತೆ ಜಪಾನಿಗೆ ಬಂದರು. 1862ರಲ್ಲಿ 26 ಮಂದಿಗೂ ಸಂತ ಪದವಿ ಸಿಕ್ಕಿತು. ಭಾರತದ ಮಣ್ಣಿನಲ್ಲಿ ಹುಟ್ಟಿ ಆ ಪದವಿ ಪಡೆದವರಲ್ಲಿ ಇವರೇ ಮೊದಲಿಗರು. ಕೇರಳದ ಸಂತ ಅಲ್ಫೋನ್ಸಾ ಆ ಸಾಲಿಗೆ ಬಂದದ್ದು 2008ರಲ್ಲಿ.

26 ಜನರಲ್ಲಿ 6 ಮಂದಿ ಹೊರದೇಶದ ಫ್ರಾನ್ಸಿಸ್ಕನ್ನರು, 3 ಮಂದಿ ಜಪಾನಿ ಯೇಸುಸಭೆಯವರು, ಉಳಿದ 17 ಮಂದಿ ಜಪಾನಿನ ಸಾಮಾನ್ಯ ಭಕ್ತರು. ಆಗ ಜಪಾನನ್ನು ಆಳುತ್ತಿದ್ದ ತೊಯೊತೊಮಿ ಹಿದೆಯೋಶಿಯ ಆಜ್ಞೆಯಂತೆ ಕ್ಯೋಟೋದಲ್ಲಿ 24 ಮಂದಿಯ ಎಡಗಿವಿ ಕೊಯ್ದು, ಊರೂರ ಮೇಲೆ ಮೆರೆಸುತ್ತ ಚಳಿಗಾಲದಲ್ಲಿ ಸುಮಾರು ಒಂದು ತಿಂಗಳು ನಡೆಸಿಕೊಂಡು ಬಂದರು. ದಾರಿಯಲ್ಲಿ ಅವರ ಸೇವೆಗೆಂದು ಹಿಂಬಾಲಿಸಿದ ಇಬ್ಬರನ್ನೂ ಸೇರಿಸಿಕೊಂಡರು, ಹಾಗೆ 26 ಆಯಿತು. 1597ರ ಫೆಬ್ರವರಿ 5ರಂದು ಈ ಗುಡ್ಡದಲ್ಲಿ ಶಿಲುಬೆಗೇರಿಸಿ ಈಟಿಯಿಂದ ತಿವಿದು ಕೊಂದರು.

ಯುವಕ ಸಂಘದವರಿಗೆ ಒಂದು ಸೂಚನೆ. ಫುನಾಕೋಶಿ ಯಾಸುತಾಕೆ ಮಾಡಿದ ಕಂಚಿನ ಸಾಲಿನಲ್ಲಿ, 1962ರಲ್ಲಿ ನಿಲ್ಲಿಸಿದ್ದು, ಮೂರು ಮೂರ್ತಿಗಳು ಗಿಡ್ಡ. ಅವು 12, 13, 14 ವರ್ಷದ ಹುಡುಗರವು: ಲೂಯಿಸ್ ಇಬರಾಕಿ, ಅಂತೋನಿಯೊ, ತೋಮಸ್ ಕೊಜಾಕಿ. ನಿಮ್ಮ ಗುಂಪಿನ ಕಿರಿಯರು ಅವನ್ನು ತಾವೇ ಹುಡುಕಲಿ, ಮೊದಲೇ ಹೇಳಬೇಡಿ. ಮ್ಯೂಸಿಯಮ್ಮಿಗೆ ದೊಡ್ಡವರಿಗೆ 500 ಯೆನ್. ಉದ್ಯಾನ ಮತ್ತು ಸ್ಮಾರಕಕ್ಕೆ ಟಿಕೆಟ್ ಇಲ್ಲ. ಎರಡು ವಿಚಿತ್ರ ಗೋಪುರಗಳ ಸಂತ ಫಿಲಿಪ್ಪರ ಚರ್ಚು ಪಕ್ಕದಲ್ಲೇ ಇದೆ.

ಪ್ರಶ್ನೆ: ಓಉರಾ ಚರ್ಚಿನಲ್ಲಿ ನಾವು ಹಾಡಬಹುದೇ? ಗಿಟಾರ್ ತರುವವರಿದ್ದಾರೆ. ಅಲ್ಲಿ ಅಷ್ಟು ದೊಡ್ಡದೇನು ನಡೆಯಿತು ಎಂಬುದನ್ನೂ ಚುಟುಕಾಗಿ ಹೇಳಿ. (ಫುಕುವೊಕಾ)

ಉತ್ತರ: ಗಿಟಾರ್ ಮನೆಯಲ್ಲಿರಲಿ. ಓಉರಾ ಈಗ ನೋಡುಗರಿಗೆ ತೆರೆದ ರಾಷ್ಟ್ರೀಯ ನಿಧಿ. ಒಳಗೆ ಹಾಡುವಂತಿಲ್ಲ, ಫೋಟೊ ತೆಗೆಯುವಂತಿಲ್ಲ, ದೊಡ್ಡವರಿಗೆ 1,000 ಯೆನ್ ಟಿಕೆಟ್. ವಾರದ ಬಲಿಪೂಜೆ ನಡೆಯುವುದು ಹತ್ತಿರದಲ್ಲಿರುವ ಬೇರೆ ಓಉರಾ ಚರ್ಚಿನಲ್ಲಿ. ಹಾಡಬೇಕೆಂದರೆ ನಿಶಿಜಾಕಾ ಉದ್ಯಾನದಲ್ಲಿ, ಮೆಲ್ಲಗೆ, ಬೇರೆ ಗುಂಪು ಪ್ರಾರ್ಥನೆಯಲ್ಲಿಲ್ಲದಾಗ ಒಂದು ಗೀತೆ. ನಿಮ್ಮ ಧರ್ಮಗುರುಗಳೂ ಬರುವುದಾದರೆ ಮತ್ತು ಬಲಿಪೂಜೆ ಆಗಬೇಕಿದ್ದರೆ ಅವರೇ ಮುಂಚಿತವಾಗಿ ಅಲ್ಲಿನವರಿಗೆ ಬರೆಯಬೇಕು. ಹೋಗಿ ಕೇಳಿದರೆ ಆಗುವ ಕೆಲಸವಲ್ಲ.

ಇನ್ನು ಕಥೆ. ಕ್ರೈಸ್ತ ಧರ್ಮ ನಿಷೇಧವಾಗಿ ಎರಡೂವರೆ ಶತಮಾನ. ಪಾದ್ರಿ ಒಬ್ಬರೂ ಇಲ್ಲ, ಪ್ರತಿ ವರ್ಷ ಪವಿತ್ರ ಚಿತ್ರವನ್ನು ತುಳಿದು ತಾನು ಕ್ರೈಸ್ತನಲ್ಲ ಎಂದು ತೋರಿಸಬೇಕು. ದೇಶದ ಬಾಗಿಲು ತೆರೆದ ಮೇಲೆ ನಾಗಾಸಾಕಿಯ ವಿದೇಶೀಯರಿಗಾಗಿ ಫ್ರೆಂಚ್ ಪಾದ್ರಿಗಳು ಈ ಚರ್ಚು ಕಟ್ಟಿದರು, ಕಟ್ಟಿಸಿದ ಮೇಸ್ತ್ರಿ ಅಮಾಕುಸಾದ ಕೊಯಾಮಾ ಹಿದೆನೊಶಿನ್. 26 ಹುತಾತ್ಮರ ಹೆಸರಿನಲ್ಲಿ, ನಿಶಿಜಾಕಾದ ಕಡೆಗೆ ಮುಖ ಮಾಡಿ. ಅದರ ಪ್ರತಿಷ್ಠೆಯಾಗಿ ಒಂದು ತಿಂಗಳೂ ಕಳೆದಿರಲಿಲ್ಲ, 1865ರ ಮಾರ್ಚ್ 17ರಂದು ಉರಾಕಾಮಿಯ ಹಳ್ಳಿಗರ ಒಂದು ಗುಂಪು ಒಳಗೆ ಬಂತು. ಅವರಲ್ಲೊಬ್ಬ ಹೆಂಗಸು ಪಾದ್ರಿ ಪೆತಿಜಾನ್ ಅವರ ಬಳಿ ಮೆಲ್ಲಗೆ, ನಿಮ್ಮ ಮನಸ್ಸೇ ನಮ್ಮ ಮನಸ್ಸು ಎಂಬರ್ಥದ ಮಾತಾಡಿ ಸಾಂತಾ ಮರಿಯಾ ಪ್ರತಿಮೆ ಎಲ್ಲಿದೆ ಎಂದು ಕೇಳಿದಳು. ಆ ಪ್ರತಿಮೆ ಈಗಲೂ ಒಳಗಿದೆ, ನೋಡದೆ ಬರಬೇಡಿ.

ಸಾಮಾನ್ಯವಾಗಿ ಮಾರ್ಗದರ್ಶಕರು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಗುಟ್ಟು ಹೊರಬಿದ್ದದ್ದರಿಂದ ಆ ಹಳ್ಳಿಯ ಮೇಲೆ ಬಂದದ್ದು ಶಿಕ್ಷೆ. ನಿಷೇಧ ಇನ್ನೂ ಜಾರಿಯಲ್ಲಿತ್ತು. 1868ರಿಂದ ಉರಾಕಾಮಿಯ ಸುಮಾರು 3,400 ಜನರನ್ನು ದೇಶದ ಬೇರೆ ಬೇರೆ ಸಂಸ್ಥಾನಗಳಿಗೆ ಗಡೀಪಾರು ಮಾಡಿದರು, 600ರಷ್ಟು ಮಂದಿ ಅಲ್ಲೇ ಸತ್ತರು. 1873ರಲ್ಲಿ ನಿಷೇಧ ತೆಗೆದ ಮೇಲೆ ಮರಳಿದವರು ಆ ಗಡೀಪಾರನ್ನು ‘ತಾಬಿ’ ಎಂದೇ ಕರೆದರು, ಅಂದರೆ ಪ್ರಯಾಣ. ಬಳಿಕ ಊರಿನ ಹಳೆಯ ಪಟೇಲನ ಮನೆಯ ಜಾಗವನ್ನೇ, ತಮ್ಮಿಂದ ಚಿತ್ರ ತುಳಿಸುತ್ತಿದ್ದ ಅದೇ ಜಾಗವನ್ನು, ಕೊಂಡುಕೊಂಡರು. ಉರಾಕಾಮಿ ಪ್ರಧಾನಾಲಯ ನಿಂತಿರುವುದು ಅಲ್ಲಿ. ಇದನ್ನು ಓಉರಾದ ಮೆಟ್ಟಿಲಲ್ಲಿ ಕೂರಿಸಿಕೊಂಡು ಹೇಳಿಬಿಡಿ, ಸಂಜೆಯ ಭೇಟಿಗೆ ಬೇರೆ ಪೀಠಿಕೆ ಬೇಕಾಗುವುದಿಲ್ಲ.

ಪ್ರಶ್ನೆ: ಗುಂಪಿನಲ್ಲಿ ಇಬ್ಬರು ಸಸ್ಯಾಹಾರಿಗಳು, ಒಬ್ಬರು ಹಂದಿ ತಿನ್ನುವುದಿಲ್ಲ. ಚಾಂಪೊನ್ ತರಕಾರಿ ನೂಡಲ್ಸ್ ಎಂದು ಕೇಳಿದ್ದೇವೆ. (ಫುಕುವೊಕಾ)

ಉತ್ತರ: ನೋಡಲು ತರಕಾರಿ, ಮೇಲೆ ರಾಶಿ ಎಲೆಕೋಸು, ಮೊಳಕೆ ಕಾಳು. ಸಾರು ಮಾತ್ರ ಹಂದಿ ಮತ್ತು ಕೋಳಿಯ ಮೂಳೆಯದು, ಒಗ್ಗರಣೆ ಹಂದಿ ಕೊಬ್ಬಿನದು, ಜೊತೆಗೆ ಹಂದಿ ಮಾಂಸ, ಸಿಗಡಿ, ಬೊಂಡಾಸ, ಮೀನಿನ ಹಿಟ್ಟಿನ ಕಾಮಾಬೊಕೊ. ‘ಮಾಂಸ ಹಾಕಬೇಡಿ’ ಎಂದರೆ ಅಡುಗೆಯವರು ತುಂಡುಗಳನ್ನು ತೆಗೆಯುತ್ತಾರೆ, ಸಾರು ಅದೇ. ತಟ್ಟೆಯಲ್ಲಿ ಬಡಿಸುವ ನೂಡಲ್ಸ್ ಸಾರಾ ಉದೋನ್ ಕೂಡ ಇದೇ ಮನೆತನ. ತಿನ್ನುವವರಿಗೆ ಹೇಳುವುದಾದರೆ, ಚಾಂಪೊನ್ ಹುಟ್ಟಿದ ಶಿಕೈರೊ ಹೋಟೆಲು ಓಉರಾ ಚರ್ಚಿನ ಇಳಿಜಾರಿನ ಬುಡದಲ್ಲೇ ಇದೆ, 1899ರಲ್ಲಿ ಶುರುವಾದದ್ದು. ಶನಿವಾರ ಮಧ್ಯಾಹ್ನ 24 ಜನ ಒಟ್ಟಿಗೆ ನುಗ್ಗಿದರೆ ಒಂದು ಗಂಟೆ ಸರದಿಯಲ್ಲೇ ಹೋಗುತ್ತದೆ. ತಂಡಗಳನ್ನು ಬೇರೆ ಬೇರೆ ಅಂಗಡಿಗೆ ಕಳಿಸಿ.

ಸಸ್ಯಾಹಾರಿಗಳಿಗೆ ಮನೆಯ ಬುತ್ತಿಯೇ ಗತಿ. ಚಪಾತಿ ಪಲ್ಯ, ನಿಂಬೆಹಣ್ಣಿನ ಚಿತ್ರಾನ್ನ ಮಧ್ಯಾಹ್ನದವರೆಗೆ ಕೆಡುವುದಿಲ್ಲ. ಬೇಸಿಗೆಯಲ್ಲಿ ತೆಂಗಿನಕಾಯಿ ತುರಿ, ಮೊಸರು ಹಾಕಬೇಡಿ. ಬುತ್ತಿ ಮರೆತರೆ ಕನ್ವೀನಿಯನ್ಸ್ ಅಂಗಡಿಯಲ್ಲಿ ‘ಶಿಯೊ ಮುಸುಬಿ’ (ಬರೀ ಉಪ್ಪಿನ ಅನ್ನದ ಉಂಡೆ), ಉಪ್ಪಿನಕಾಯಿ ಪ್ಲಮ್ಮಿನ ‘ಉಮೆ’ ಉಂಡೆ, ಬಾಳೆಹಣ್ಣು, ಬೇಯಿಸಿದ ಎದಾಮಾಮೆ ಕಾಯಿ. ಸಮುದ್ರ ಪಾಚಿಯ ‘ಕೊಂಬು’ ಉಂಡೆ ಸಸ್ಯಾಹಾರ ಎಂದು ತೋರಿದರೂ ಮೀನಿನ ರಸ ಸೇರಿರುವುದುಂಟು. ಅನ್ನ ತುಂಬಿದ ಇನಾರಿಯ ತೋಫು ಚೀಲವನ್ನು ಬೇಯಿಸುವುದೂ ಮೀನಿನ ದಾಶಿಯಲ್ಲೇ (ಅಡುಗೆಗೆ ಬಳಸುವ ತಿಳಿ ಸಾರು). ಪ್ಯಾಕೆಟ್ಟಿನ ಹಿಂದಿನ ಪಟ್ಟಿಯನ್ನು ಜಪಾನಿ ಗೆಳೆಯರಿಂದ ಓದಿಸಿ. ‘ಇದರಲ್ಲಿ ದಾಶಿ ಇದೆಯೇ’ ಎಂದೇ ಕೇಳಬೇಕು. ‘ಮೀನು ಇದೆಯೇ’ ಎಂದರೆ ಇಲ್ಲ ಎನ್ನುತ್ತಾರೆ, ಅವರ ಲೆಕ್ಕದಲ್ಲಿ ದಾಶಿ ಮೀನಲ್ಲ.

ಬುತ್ತಿ ಬಿಚ್ಚಲು ಓಉರಾದಿಂದ ಎರಡು ನಿಲ್ದಾಣ ಹಿಂದಕ್ಕೆ ಬಂದು ಮೆಡಿಕಲ್ ಸೆಂಟರಿನಲ್ಲಿ ಇಳಿದರೆ ಬಂದರಿನ ಅಂಚಿನ ಮಿಜುಬೆ ನೊ ಮೊರಿ ಉದ್ಯಾನವಿದೆ. ತಲೆಯ ಮೇಲೆ ಹದ್ದುಗಳು ಸುತ್ತುತ್ತಿರುತ್ತವೆ, ಹಿಂದಿನಿಂದ ಬಂದು ಕೈಯಲ್ಲಿದ್ದುದನ್ನು ಕಿತ್ತುಕೊಳ್ಳುತ್ತವೆ. ಮರದಡಿ ಅಥವಾ ಗೋಡೆಗೆ ಬೆನ್ನು ಕೊಟ್ಟು ಕುಳಿತುಕೊಳ್ಳಿ. ಕಸದ ಬುಟ್ಟಿ ಹುಡುಕಬೇಡಿ, ತಂಡಕ್ಕೊಂದು ಚೀಲದಲ್ಲಿ ವಾಪಸು ತನ್ನಿ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ, ಮಾಂಸ ಬಿಡುವ ಶುಕ್ರವಾರ ಹೊರಡುವವರಿಗೂ ಈ ಉತ್ತರವೇ.

ಪ್ರಶ್ನೆ: 15 ವರ್ಷದವರಿಗೆ ಅಣುಬಾಂಬ್ ಮ್ಯೂಸಿಯಂ ತೋರಿಸಬಹುದೇ? ಉರಾಕಾಮಿಯಲ್ಲಿ ಏನನ್ನು ನೋಡಬೇಕು? (ಉಡುಪಿ)

ಉತ್ತರ: ಜಪಾನಿನ ಶಾಲೆಗಳು ಅದಕ್ಕಿಂತ ಚಿಕ್ಕವರನ್ನೂ ಕರೆತರುತ್ತವೆ. ಆದರೆ ಸುಟ್ಟ ದೇಹಗಳ ಫೋಟೊಗಳಿವೆ ಎಂದು ಮುಂಚೆಯೇ ಹೇಳಿ. ಬೇಡವೆನಿಸಿದವರು ಕಾರಣ ಹೇಳದೆ ಮುಂದಕ್ಕೆ ನಡೆದು ಹೊರಬರಬಹುದು ಎಂಬುದನ್ನೂ, ಹೊರಗೆ ಯಾರು ಎಲ್ಲಿ ಕಾಯುತ್ತಿರುತ್ತಾರೆ ಎಂಬುದನ್ನೂ ತಿಳಿಸಿ. ಟಿಕೆಟ್ ದೊಡ್ಡವರಿಗೆ 200 ಯೆನ್. ಬೆಳಗ್ಗೆ ಎಂಟೂವರೆಯಿಂದ ಸಂಜೆ ಐದೂವರೆ, ಮೇ ತಿಂಗಳಿಂದ ಆಗಸ್ಟ್‌ವರೆಗೆ ಆರೂವರೆ. ಒಳಗೆ 11 ಗಂಟೆ 2 ನಿಮಿಷಕ್ಕೆ ನಿಂತ ಗಡಿಯಾರವಿದೆ.

ಅಲ್ಲಿಂದ ಕೆಳಗೆ ಸ್ಫೋಟಬಿಂದುವಿನ ಕಪ್ಪು ಕಲ್ಲಿನ ಕಂಬ. ಪಕ್ಕದಲ್ಲಿ ಹಳೆಯ ಉರಾಕಾಮಿ ಪ್ರಧಾನಾಲಯದ ಗೋಡೆಯ ಒಂದು ತುಂಡನ್ನು ತಂದು ನಿಲ್ಲಿಸಿದ್ದಾರೆ. ಪ್ರಧಾನಾಲಯ ಇದ್ದದ್ದು ಇಲ್ಲಿಂದ 500 ಮೀಟರ್ ದೂರದಲ್ಲಿ. 1895ರಲ್ಲಿ ಶುರುಮಾಡಿ 1914ರಲ್ಲಿ ಪ್ರತಿಷ್ಠೆ ಮಾಡಿದ್ದು, ಜೋಡಿ ಗೋಪುರ ಏರಿದ್ದು 1925ರಲ್ಲಿ. ಬಾಂಬ್ ಬಿದ್ದ ಹೊತ್ತಿಗೆ ಆಗಸ್ಟ್ 15ರ ಮಾತೆಯ ಹಬ್ಬದ ತಯಾರಿಗೆಂದು ಇಬ್ಬರು ಪಾದ್ರಿಗಳು ಪಾಪನಿವೇದನೆ ಕೇಳುತ್ತಿದ್ದರು. ಒಳಗಿದ್ದವರಲ್ಲಿ ಯಾರೂ ಉಳಿಯಲಿಲ್ಲ. ಆ ಧರ್ಮಕೇಂದ್ರದ 12,000 ಭಕ್ತರಲ್ಲಿ ಸುಮಾರು 8,500 ಮಂದಿ ಸತ್ತರು.

ಈಗಿನ ಕಟ್ಟಡ 1959ರದು. ಪ್ರವೇಶ ಉಚಿತ, ಒಳಗೆ ಫೋಟೊ ತೆಗೆಯುವಂತಿಲ್ಲ. ಹೆಚ್ಚಿನ ಗುಂಪುಗಳು ಬಾಗಿಲಲ್ಲಿ ಚಿತ್ರ ತೆಗೆದುಕೊಂಡು ಹೊರಟುಬಿಡುತ್ತವೆ. ಹಾಗೆ ಮಾಡದೆ ಪಕ್ಕದ ಇಳಿಜಾರಿಗೆ ಹೋಗಿ. ಉತ್ತರ ಗೋಪುರದ ಗುಮ್ಮಟ, ಸುಮಾರು 50 ಟನ್ನಿನದು, ಸ್ಫೋಟಕ್ಕೆ ಉರುಳಿ ತೊರೆಯ ಬದಿಗೆ ಬಿದ್ದದ್ದು ಇಂದಿಗೂ ಅಲ್ಲೇ ಇದೆ. ಜೋಡಿ ಗಂಟೆಗಳಲ್ಲಿ ಒಂದು ಅವಶೇಷದೊಳಗೆ ಸಿಕ್ಕಿತು, ಇನ್ನೊಂದು ಒಡೆದುಹೋಗಿತ್ತು. ಅದರ ಜಾಗಕ್ಕೆ ಅಮೆರಿಕದ ಕ್ಯಾಥೋಲಿಕರು ಹೊಸ ಗಂಟೆ ಕೊಟ್ಟರು. 2025ರ ಆಗಸ್ಟ್ 9ರಂದು ಎರಡೂ ಗೋಪುರಗಳ ಗಂಟೆಗಳು 80 ವರ್ಷದ ಬಳಿಕ ಒಟ್ಟಿಗೆ ಮೊಳಗಿದವು.

ಮರಳುವಾಗ ಉರಾಕಾಮಿ ರೈಲ್ವೆ ಸ್ಟೇಷನ್ ಹತ್ತಿರವಿದೆ ಎಂದು ಅಲ್ಲಿಗೆ ಹೋಗಬೇಡಿ, ಶಿಂಕಾನ್‌ಸೆನ್ ಅಲ್ಲಿ ನಿಲ್ಲುವುದಿಲ್ಲ. ಹೇವಾ ಕೋಯೆನ್ ನಿಲ್ದಾಣದಿಂದ ಟ್ರಾಮ್ ಹಿಡಿದು ನಾಗಾಸಾಕಿ ಸ್ಟೇಷನ್ನಿಗೇ ಬನ್ನಿ.

ಪ್ರಶ್ನೆ: ಒಪ್ಪಿಗೆ ಪತ್ರ, ವಿಮೆ ಇತ್ಯಾದಿ ಒಂದು ದಿನದ ಪ್ರವಾಸಕ್ಕೂ ಬೇಕೇ? (ಫುಕುವೊಕಾ)

ಉತ್ತರ: ಬೇಕು. 18 ತುಂಬದವರ ತಂದೆತಾಯಿಯ ಸಹಿ ಇರುವ ಒಂದು ಹಾಳೆ: ತುರ್ತು ಫೋನ್ ಸಂಖ್ಯೆ, ಅಲರ್ಜಿ, ನಿತ್ಯದ ಔಷಧಿ, ಆಸ್ಪತ್ರೆಗೆ ಸೇರಿಸಲು ಒಪ್ಪಿಗೆ. ಒಂದು ಪ್ರತಿ ತಂಡದ ಮುಖ್ಯಸ್ಥರ ಬಳಿ, ಇನ್ನೊಂದು ಚರ್ಚಿನಲ್ಲಿ ಉಳಿದವರ ಬಳಿ. ಮನರಂಜನಾ ಕೂಟಗಳಿಗೆ ಸಿಗುವ ಗುಂಪು ವಿಮೆಗೆ ಸಾಮಾನ್ಯವಾಗಿ ಕನಿಷ್ಠ 20 ಜನ ಬೇಕು, ಹೆಸರಿನ ಪಟ್ಟಿ ಮುಂಚೆಯೇ ಹೋಗಬೇಕು. ಕೊನೆ ಗಳಿಗೆಯಲ್ಲಿ ಐವರು ಬಿಟ್ಟು 19ಕ್ಕೆ ಇಳಿದರೆ ವಿಮೆಯೇ ಬಿದ್ದುಹೋಗಬಹುದು. ಆಗ ಒಬ್ಬೊಬ್ಬರಿಗೂ ದೇಶೀಯ ಪ್ರವಾಸ ವಿಮೆ ಮಾಡಿಸಿ.

16 ತುಂಬಿದ ವಿದೇಶಿ ನಿವಾಸಿಗಳು ನಿವಾಸ ಕಾರ್ಡನ್ನು ಸದಾ ಜೊತೆಗಿಟ್ಟುಕೊಳ್ಳುವುದು ಕಾನೂನು, ಊರಿಂದ ಬಂದ ಅತಿಥಿಗಳಾದರೆ ಪಾಸ್‌ಪೋರ್ಟ್. ಫೋಟೊಪ್ರತಿ ನಡೆಯುವುದಿಲ್ಲ. ಆಂಬುಲೆನ್ಸಿಗೆ 119, ಪೊಲೀಸರಿಗೆ 110.

ಸದಸ್ಯರು ತಮ್ಮ ಖರ್ಚು ಹಂಚಿಕೊಂಡು ಹೋಗುವುದಕ್ಕೆ ಅಡ್ಡಿಯಿಲ್ಲ. ಭಿತ್ತಿಪತ್ರ ಅಂಟಿಸಿ ಹೊರಗಿನವರನ್ನೂ ಕರೆದು, ಪ್ರಯಾಣ ಸೇರಿಸಿ ಶುಲ್ಕ ಪಡೆದು, ಪದೇ ಪದೇ ಹೀಗೆ ಮಾಡಿದರೆ ಅದು ಪ್ರವಾಸ ವ್ಯವಹಾರದ ಕಾನೂನಿನೊಳಗೆ ಬರುತ್ತದೆ. ಅಂಥದ್ದನ್ನು ನೋಂದಾಯಿತ ಏಜೆಂಟರಿಗೆ ಬಿಡಿ.

ಪ್ರಶ್ನೆ: ಗೋವಾದ ಸಂತ ಫ್ರಾನ್ಸಿಸ್ ಝೇವಿಯರ್ ಓಡಾಡಿದ ಜಾಗವನ್ನೂ ಅದೇ ದಿನ ತೋರಿಸಬಹುದೇ? (ಮಡಗಾಂವ್)

ಉತ್ತರ: ಆಗದು, ಏಕೆಂದರೆ ಅವರ ಕಾಲದಲ್ಲಿ ನಾಗಾಸಾಕಿ ಬಂದರೇ ಇರಲಿಲ್ಲ. ಅದು ಪೋರ್ಚುಗೀಸರಿಗೆ ತೆರೆದದ್ದು 1571ರಲ್ಲಿ. ಝೇವಿಯರ್ ಇಳಿದದ್ದು ಕಾಗೋಶಿಮಾದಲ್ಲಿ, 1549ರ ಆಗಸ್ಟ್ 15ರಂದು. ದಾರಿ ತೋರಿಸಿದವನು ಗೋವಾದಲ್ಲಿ ದೀಕ್ಷಾಸ್ನಾನ ಪಡೆದಿದ್ದ ಆ ಊರಿನ ಅಂಜಿರೊ. ಹಕಾತಾದಿಂದ ಕಾಗೋಶಿಮಾಕ್ಕೆ ಬೇರೆ ಶಿಂಕಾನ್‌ಸೆನ್ ಇದೆ, ಬೇರೆ ಒಂದು ದಿನದ ಪ್ರವಾಸಕ್ಕೆ ಸರಿಹೋಗುತ್ತದೆ. ಅವರು 1550ರಲ್ಲಿ ಹೋದ ಹಿರಾದೊ ನಾಗಾಸಾಕಿ ಪ್ರಾಂತದಲ್ಲೇ ಇದ್ದರೂ ದ್ವೀಪ, ಉತ್ತರದ ಅಂಚಿನಲ್ಲಿದೆ.

ಪ್ರಶ್ನೆ: ಸೊತೊಮೆಯ ಶಿತ್ಸು ಚರ್ಚನ್ನು ಮಧ್ಯಾಹ್ನಕ್ಕೆ ಸೇರಿಸೋಣವೇ? ಅಥವಾ ಆಗಸ್ಟ್ 9ಕ್ಕೇ ಹೋಗೋಣವೇ? (ಫುಕುವೊಕಾ)

ಉತ್ತರ: ಎರಡಕ್ಕೂ ಬೇಡ. ಪಾದ್ರಿ ದ ರೋ 1882ರಲ್ಲಿ ಕಟ್ಟಿಸಿದ ಶಿತ್ಸುವಿಗೆ ಬಸ್ಸಿನಲ್ಲಿ ಒಂದು ಗಂಟೆಗೂ ಹೆಚ್ಚು, ಭೇಟಿಗೆ ಮುಂಚಿತವಾಗಿ ತಿಳಿಸಬೇಕು. ಅದಕ್ಕೆ ಒಂದು ಇಡೀ ದಿನ ಕೊಡಿ. ಬಾಂಬ್ ಬಿದ್ದ ದಿನವಾದ ಆಗಸ್ಟ್ 9 ಊರಿನವರ ದಿನ. ಬೆಳಗ್ಗೆ ಶಾಂತಿ ಉದ್ಯಾನದಲ್ಲಿ ಸ್ಮರಣೆ, ಸಂಜೆ ಉರಾಕಾಮಿಯಲ್ಲಿ ಬಲಿಪೂಜೆ ಮತ್ತು ಪಂಜಿನ ಮೆರವಣಿಗೆ. ಪ್ರಾರ್ಥನೆಗೆಂದೇ ಹೋಗುವುದಾದರೆ ಹೋಗಿ, ಉಳಿದ ಕಾರ್ಯಕ್ರಮವನ್ನೆಲ್ಲ ಬಿಟ್ಟು. ಸುತ್ತಾಟಕ್ಕಾದರೆ ಅಕ್ಟೋಬರ್ ಕೊನೆ ಅಥವಾ ನವೆಂಬರ್ ನೋಡಿ. ಬಿಸಿಲು ಇಳಿದಿರುತ್ತದೆ, ಶಾಲಾ ಪ್ರವಾಸಗಳ ಕಾಲವಾದ್ದರಿಂದ ಓಉರಾದಲ್ಲಿ ಮಾತ್ರ ಸರದಿ ಉದ್ದವಿರುತ್ತದೆ.